ಊರಿಗೊಂದು ಹೊತ್ತು: ಅಬೂ ರೈಹಾನ್ ಅಲ್-ಬಿರೂನಿ



ನಿಮ್ಮ ಮನೆಯಲ್ಲೂ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವರು ಒಬ್ಬರಾದರೂ ಇರಬಹುದು. ಅವರಿಗೆ ಫೋನ್ ಮಾಡುವ ಮುನ್ನ ಮನೆಯ ಹಿರಿಯರು ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ಎರಡೂವರೆ ಗಂಟೆ ಕಳೆಯುವುದನ್ನು ನೀವು ಕಂಡಿರುತ್ತೀರಿ. ನಾವು ಇಲ್ಲಿ ಇಶಾ ನಮಾಝ್ ಮುಗಿಸಿ ಊಟಕ್ಕೆ ಕೂರುವಾಗ ರಿಯಾದಿನಲ್ಲಿ ಮಗ್ರಿಬ್‌ನ ಹೊತ್ತು. ನಾವು ಕಳಿಸಿದ ಒಂದು ಸಂದೇಶದ ಕೆಳಗೆ ನಮ್ಮ ಮೊಬೈಲ್ 9.00 ಎಂದು ತೋರಿಸಿದರೆ ಅವರ ಮೊಬೈಲ್ 6.30 ಎಂದು ತೋರಿಸುತ್ತದೆ. ಈ ಎರಡರಲ್ಲಿ ಯಾವುದು ಸುಳ್ಳು ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು. ಉರ್ದು ಮತ್ತು ಕನ್ನಡ ಕಲಿಸುವ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಸಾವಿರ ವರ್ಷಗಳ ಹಿಂದೆ ಬಾಳಿದ ಒಬ್ಬ ಮಹನೀಯರ ಬಳಿಗೆ.

ಅವರು ಅಬೂ ರೈಹಾನ್ ಮುಹಮ್ಮದ್ ಬಿನ್ ಅಹ್ಮದ್ ಅಲ್-ಬಿರೂನಿ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಅಲ್ಬೆರೂನಿ ಎಂಬ ಹೆಸರಿನಲ್ಲಿ, ಮಹಮ್ಮದ್ ಘಜ್ನಿಯ ದಂಡಯಾತ್ರೆಗಳ ಪಾಠದ ನಡುವೆ ಒಂದೆರಡು ಸಾಲುಗಳಲ್ಲಿ ನೀವು ಇವರನ್ನು ಓದಿರಬಹುದು. ಭಾರತದ ಬಗ್ಗೆ ಗ್ರಂಥ ಬರೆದವರು ಎಂದು ಹೇಳಿ ಪಾಠ ಮುಂದೆ ಸಾಗುತ್ತದೆ. ಅಷ್ಟರಿಂದ ಅವರಿಗೆ ನ್ಯಾಯ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿರೂನಿಯವರು ಹುಟ್ಟಿದ್ದು ಕ್ರಿ.ಶ. 973ರ ಸೆಪ್ಟೆಂಬರ್ 4ರಂದು, ಹಿಜರಿ 362ರ ಝುಲ್‌ಹಜ್ಜ್ ತಿಂಗಳಲ್ಲಿ. ಸ್ಥಳ ಮಧ್ಯ ಏಷ್ಯಾದ ಅಮು ದರಿಯಾ ನದಿಯ ಬಳಿಯ ಖ್ವಾರಿಝ್ಮ್ ಪ್ರಾಂತದ ಕಾಥ್ ಪಟ್ಟಣದ ಹೊರವಲಯ. ಅದು ಇಂದಿನ ಉಜ್ಬೇಕಿಸ್ತಾನದಲ್ಲಿದೆ. ಫಾರ್ಸಿಯಲ್ಲಿ ಬೈರೂನ್ ಎಂದರೆ ಹೊರಗೆ. ನಮ್ಮ ಉರ್ದುವಿನಲ್ಲಿ ಹೊರದೇಶಕ್ಕೆ ಬೈರೂನಿ ಮುಲ್ಕ್ ಎನ್ನುತ್ತೇವಲ್ಲ, ಅದೇ ಪದ. ಊರ ಹೊರಗಿನವನು ಎಂಬ ಅರ್ಥದ ಈ ಹೆಸರೇ ಅವರಿಗೆ ಶಾಶ್ವತವಾಯಿತು. ಅವರ ವಂಶ ದೊಡ್ಡದಲ್ಲ. ಆದರೆ ಬಾಲಕನ ಬುದ್ಧಿಯನ್ನು ಗುರುತಿಸಿದವರು ರಾಜಮನೆತನದ ಅಬೂ ನಸ್ರ್ ಮನ್ಸೂರ್. ಸ್ವತಃ ಶ್ರೇಷ್ಠ ಗಣಿತಜ್ಞರಾಗಿದ್ದ ಇವರು ಶಿಷ್ಯನಿಗೆ ರೇಖಾಗಣಿತವನ್ನೂ ಖಗೋಳವನ್ನೂ ಕಲಿಸಿದರು. ಹದಿನೇಳರ ಹರೆಯದಲ್ಲಿಯೇ ಬಿರೂನಿ ಸೂರ್ಯನ ನಡುಹಗಲಿನ ಎತ್ತರವನ್ನು ಅಳೆದು ತಮ್ಮೂರಿನ ಅಕ್ಷಾಂಶವನ್ನು ಲೆಕ್ಕ ಹಾಕಿದ್ದರು.

ಅಕ್ಷಾಂಶ ಕಂಡುಹಿಡಿಯಲು ಒಬ್ಬನೇ ಸಾಕು. ರೇಖಾಂಶದ ವಿಷಯ ಹಾಗಲ್ಲ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಪೂರ್ವದ ಊರಿನಲ್ಲಿ ಸೂರ್ಯ ಮೊದಲು ನೆತ್ತಿಗೆ ಬರುತ್ತಾನೆ, ಪಶ್ಚಿಮದ ಊರಿನಲ್ಲಿ ಆಮೇಲೆ. ಆದ್ದರಿಂದ ಒಂದೇ ಕ್ಷಣದಲ್ಲಿ ಎರಡು ಊರುಗಳ ಹೊತ್ತು ಎಷ್ಟೆಷ್ಟು ಎಂದು ತಿಳಿದರೆ ಅವುಗಳ ನಡುವಿನ ರೇಖಾಂಶದ ಅಂತರ ತಾನಾಗಿ ಸಿಗುತ್ತದೆ. ಆದರೆ ಫೋನ್ ಇಲ್ಲದ, ತಂತಿಯೂ ಇಲ್ಲದ ಕಾಲದಲ್ಲಿ ದೂರದ ಇಬ್ಬರಿಗೆ ಒಂದೇ ಕ್ಷಣ ಎಂಬುದನ್ನು ತಿಳಿಸುವವರು ಯಾರು?

ಚಂದ್ರ. ಸೂರ್ಯಗ್ರಹಣ ಒಂದೊಂದು ಊರಿಗೆ ಒಂದೊಂದು ಕ್ಷಣದಲ್ಲಿ ಕಾಣುತ್ತದೆ. ಚಂದ್ರಗ್ರಹಣ ಹಾಗಲ್ಲ, ಭೂಮಿಯ ನೆರಳು ಚಂದ್ರನ ಮೇಲೆಯೇ ಬೀಳುವುದರಿಂದ ಚಂದ್ರ ಕಾಣುವ ಎಲ್ಲ ಊರುಗಳಿಗೂ ಅದು ಏಕಕಾಲದ ಘಟನೆ. ಈ ಉಪಾಯ ಗ್ರೀಕರಿಗೂ ತಿಳಿದಿತ್ತು. ಆದರೆ ತಿಳಿದಿರುವುದು ಬೇರೆ, ಇಬ್ಬರು ಮೊದಲೇ ಒಪ್ಪಂದ ಮಾಡಿಕೊಂಡು ನಿದ್ದೆಗೆಟ್ಟು ಕಾಯುವುದು ಬೇರೆ.

ಇಲ್ಲಿ ನೀವು ಕಾಲದ ಪರಿಸ್ಥಿತಿಯನ್ನು ಗಮನಿಸಬೇಕು. 995ರಲ್ಲಿ ಖ್ವಾರಿಝ್ಮ್‌ನಲ್ಲಿ ಯುದ್ಧವಾಯಿತು. ಬಿರೂನಿಯವರಿಗೆ ಆಶ್ರಯ ನೀಡಿದ್ದ ಅರಸ ಮನೆತನ ಅಧಿಕಾರ ಕಳೆದುಕೊಂಡಿತು. ಇಪ್ಪತ್ತೆರಡರ ಯುವಕ ಊರು ಬಿಟ್ಟು ಓಡಿದರು. ಇರಾನಿನ ರೈ ಪಟ್ಟಣದಲ್ಲಿ ಬಡತನದಲ್ಲಿ ದಿನ ಕಳೆದರು. ಅಂಥ ಅಲೆದಾಟದ ನಡುವೆಯೇ 997ರ ಮೇ 24ರ ಚಂದ್ರಗ್ರಹಣಕ್ಕೆ ಅವರು ಕಾಥ್‌ಗೆ ಮರಳಿದ್ದರು. ಬಗ್ದಾದಿನಲ್ಲಿ ಅದೇ ಗ್ರಹಣವನ್ನು ನೋಡಲು ಒಪ್ಪಿದ್ದವರು ಆ ಯುಗದ ಪ್ರಖ್ಯಾತ ಗಣಿತಜ್ಞ ಅಬುಲ್ ವಫಾ ಅಲ್-ಬೂಝಜಾನಿ. ಅವರಿಗೆ ಐವತ್ತಾರು ವರ್ಷ, ಇವರಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ನಡುವೆ ಮರುಭೂಮಿ, ಬೆಟ್ಟ, ಹಲವು ಅರಸರ ಗಡಿಗಳು. ಇಬ್ಬರೂ ತಂತಮ್ಮ ಊರಿನ ಹೊತ್ತನ್ನು ಗುರುತಿಸಿಕೊಂಡರು. ಆಮೇಲೆ ಎರಡು ಲೆಕ್ಕಗಳನ್ನು ಸೇರಿಸಿ ನೋಡಿದಾಗ ಅಂತರ ಸುಮಾರು ಒಂದು ಗಂಟೆ ಎಂದು ತಿಳಿಯಿತು. ಇಂದಿನ ನಕ್ಷೆಯ ಪ್ರಕಾರ ಎರಡು ಊರುಗಳ ನಡುವೆ ಸುಮಾರು 16 ಡಿಗ್ರಿಗಳಿವೆ, ಅಂದರೆ ಒಂದು ಗಂಟೆ ಐದು ನಿಮಿಷ. ಅಬುಲ್ ವಫಾ ಇದಾದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಕಾಥ್‌ನ ಹೊತ್ತೂ ಸುಳ್ಳಲ್ಲ, ಬಗ್ದಾದಿನ ಹೊತ್ತೂ ಸುಳ್ಳಲ್ಲ. ಕ್ಷಣ ಒಂದೇ, ಹೆಸರು ಎರಡು. ನಮ್ಮ ಕಂಪ್ಯೂಟರ್, ಮೊಬೈಲ್‌ಗಳು ಮಾಡುವುದೂ ಇದನ್ನೇ, ಆದರೆ ತಿರುಗಾಮುರುಗಾ. ಬಿರೂನಿ ಎರಡು ಊರುಗಳ ಗಂಟೆಯಿಂದ ಸ್ಥಳವನ್ನು ಕಂಡುಕೊಂಡರು, ಯಂತ್ರ ಸ್ಥಳದಿಂದ ಗಂಟೆಯನ್ನು ಕಂಡುಕೊಳ್ಳುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹುಪಾಲು ಕಂಪ್ಯೂಟರ್‌ಗಳು ತಮ್ಮೊಳಗೆ ಯಾವ ಊರಿನ ಗಂಟೆಯನ್ನೂ ಇಟ್ಟುಕೊಳ್ಳುವುದಿಲ್ಲ. 1970ರ ಜನವರಿ 1ರ ಮೊದಲ ಕ್ಷಣವನ್ನು, ಅದೂ ಲಂಡನ್ ಬಳಿಯ ಗ್ರೀನಿಚ್‌ನ ಎಣಿಕೆಯಲ್ಲಿ, ಸೊನ್ನೆ ಎಂದು ಹಿಡಿದು ಅಲ್ಲಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತಾ ಹೋಗುತ್ತವೆ. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮಲ್ಲಿ ಪೂರ್ಣ ಚಂದ್ರಗ್ರಹಣ ಆಯಿತಲ್ಲವೇ? ಭೂಮಿಯ ಗಾಢ ನೆರಳು ಚಂದ್ರನ ಅಂಚನ್ನು ಮುಟ್ಟಿದ ನಿಮಿಷದಲ್ಲಿ ಆ ಎಣಿಕೆ 1,75,72,62,420 ಆಗಿತ್ತು. ಬೆಂಗಳೂರಿನ ಕಂಪ್ಯೂಟರ್‌ನಲ್ಲೂ ಅದೇ ಸಂಖ್ಯೆ, ರಿಯಾದಿನದರಲ್ಲೂ ಅದೇ. ನಮಗೆ ತೋರಿಸುವಾಗ ಮಾತ್ರ ಯಂತ್ರ ಅದಕ್ಕೆ ಐದೂವರೆ ಗಂಟೆಯ ಲೆಕ್ಕದಲ್ಲಿ 19,800 ಸೆಕೆಂಡು ಕೂಡಿಸಿ ರಾತ್ರಿ 9.57 ಎನ್ನುತ್ತದೆ. ಸೌದಿಯವರಿಗೆ ಮೂರು ಗಂಟೆಯ ಲೆಕ್ಕದಲ್ಲಿ 10,800 ಕೂಡಿಸಿ 7.27 ಎನ್ನುತ್ತದೆ.

ಯಾವ ದೇಶಕ್ಕೆ ಎಷ್ಟು ಕೂಡಿಸಬೇಕು ಎಂಬುದಕ್ಕೆ ಒಂದು ದೊಡ್ಡ ಪಟ್ಟಿ ಇದೆ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಅದನ್ನು ಆರಂಭಿಸಿದರು. ಬಳಿಕ ಹಲವು ದೇಶಗಳ ಸ್ವಯಂಸೇವಕರು ಅದನ್ನು ತಿದ್ದುತ್ತಾ ಬಂದಿದ್ದಾರೆ. ಕಂಪ್ಯೂಟರ್‌ನ ಸಮಯದ ಸೆಟ್ಟಿಂಗ್‌ನಲ್ಲಿ ದೆಹಲಿಯೂ ಅಲ್ಲದೆ ಬೆಂಗಳೂರೂ ಅಲ್ಲದೆ ಏಷ್ಯಾ/ಕೋಲ್ಕತ್ತಾ ಎಂದು ಬರುವುದನ್ನು ನೀವು ಕಂಡಿದ್ದರೆ, ಆ ಹೆಸರು ಈ ಪಟ್ಟಿಯದೇ. ಸರ್ಕಾರಗಳು ಗಡಿಯಾರವನ್ನು ಹಿಂದೆ ಮುಂದೆ ಮಾಡಿದಂತೆಲ್ಲ ಪಟ್ಟಿಯನ್ನೂ ತಿದ್ದಬೇಕು. 2018ರಲ್ಲಿ ಮೊರೊಕ್ಕೊ ಸರ್ಕಾರ ಗಡಿಯಾರವನ್ನು ವರ್ಷವಿಡೀ ಒಂದು ಗಂಟೆ ಮುಂದೆ ಇಡಬೇಕು, ರಮಝಾನ್ ತಿಂಗಳಲ್ಲಿ ಮಾತ್ರ ಹಿಂದಕ್ಕೆ ತರಬೇಕು ಎಂದು ತೀರ್ಮಾನಿಸಿತು. ಚಂದ್ರದರ್ಶನವನ್ನು ಅವಲಂಬಿಸಿದ ರಮಝಾನನ್ನು ಯಂತ್ರಕ್ಕೆ ಮುಂಗಡವಾಗಿ ಹೇಳುವುದು ಹೇಗೆ? ಪಟ್ಟಿ ನೋಡಿಕೊಳ್ಳುವವರು ಮುಂದಿನ ಹಲವು ವರ್ಷಗಳ ರಮಝಾನ್‌ಗಳನ್ನು ಅಂದಾಜಿನಿಂದ ಲೆಕ್ಕ ಹಾಕಿ ಸೇರಿಸಿಟ್ಟರು.

ಇಂಥ ಲೆಕ್ಕವೂ ಬಿರೂನಿಯವರಿಗೆ ಹೊಸದಲ್ಲ. ಕ್ರಿ.ಶ. 1000ದ ಸುಮಾರಿಗೆ ಅವರು ಕ್ಯಾಸ್ಪಿಯನ್ ಸಮುದ್ರದ ಕಡೆಯ ಗುರ್ಗಾನ್‌ನಲ್ಲಿ ಕಾಬೂಸ್ ಎಂಬ ಅರಸನ ಆಶ್ರಯದಲ್ಲಿದ್ದರು. ಅಲ್ಲಿ ಅಲ್-ಆಸಾರುಲ್ ಬಾಕಿಯ ಎಂಬ ಗ್ರಂಥವನ್ನು ರಚಿಸಿದರು. ಪಾರಸಿಗಳು, ಯಹೂದಿಗಳು, ಕ್ರೈಸ್ತರು, ಗ್ರೀಕರು, ಸೊಗ್ದಿಯನ್ನರು, ಇಸ್ಲಾಮಿಗೆ ಮುಂಚಿನ ಅರಬರು, ಮುಸ್ಲಿಮರು, ಇವರೆಲ್ಲರ ವರ್ಷ, ತಿಂಗಳು, ಹಬ್ಬಗಳನ್ನು ವಿವರಿಸಿ, ಒಬ್ಬರ ದಿನಾಂಕವನ್ನು ಇನ್ನೊಬ್ಬರದಕ್ಕೆ ಬದಲಾಯಿಸುವ ಕ್ರಮ ಅದರಲ್ಲಿದೆ. ಗ್ರಂಥದ ಆರಂಭದಲ್ಲೇ ಅವರು ಎತ್ತಿಕೊಳ್ಳುವ ವಿಷಯ ದಿನ ಎಲ್ಲಿಂದ ಶುರು ಎಂಬುದು. ಅರಬರಿಗೆ ಸೂರ್ಯಾಸ್ತದಿಂದ, ಕೆಲವರಿಗೆ ಸೂರ್ಯೋದಯದಿಂದ, ಖಗೋಳಜ್ಞರಿಗೆ ತಮ್ಮ ಲೆಕ್ಕದ ಅನುಕೂಲಕ್ಕೆ ನಡುಹಗಲಿನಿಂದ. ಉರ್ದುವಿನಲ್ಲಿ ಗುರುವಾರಕ್ಕೆ ಜುಮೇರಾತ್, ಅಂದರೆ ಜುಮಾದ ರಾತ್ರಿ, ಎಂಬ ಹೆಸರು ಬಂದದ್ದು ಮೊದಲನೆಯ ಲೆಕ್ಕದಿಂದಲೇ. ಕಂಪ್ಯೂಟರ್ ಮಾತ್ರ ನಡುರಾತ್ರಿಗೆ ದಿನ ಬದಲಿಸುತ್ತದೆ.

ಯಂತ್ರದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಬಿರೂನಿಯವರು ಚಂದ್ರನ ಪೆಟ್ಟಿಗೆ ಎಂಬ ಉಪಕರಣವನ್ನು ವಿವರಿಸಿದ್ದಾರೆ. ಎಂಟು ಹಲ್ಲುಚಕ್ರಗಳ ಈ ಪೆಟ್ಟಿಗೆ, ತಿರುಗಿಸಿದರೆ ಚಂದ್ರನ ವೃದ್ಧಿ ಕ್ಷಯಗಳನ್ನೂ ಸೂರ್ಯ ಚಂದ್ರರ ಸ್ಥಾನವನ್ನೂ ತೋರಿಸುತ್ತಿತ್ತು. ಅದರಲ್ಲಿ 59 ಹಲ್ಲುಗಳ ಚಕ್ರವಿದೆ. ಏಕೆ 59? ಒಂದು ಚಾಂದ್ರಮಾನ ತಿಂಗಳು 29, ಇನ್ನೊಂದು 30 ದಿನ, ಕೂಡಿದರೆ 59. ಎಣಿಸುವ ಕೆಲಸವನ್ನು ಚಕ್ರಗಳಿಗೆ ಒಪ್ಪಿಸಿದ ಇಂಥ ಪೆಟ್ಟಿಗೆಯನ್ನು ಕಂಪ್ಯೂಟರ್‌ನ ಪೂರ್ವಜರ ಸಾಲಿಗೆ ಸೇರಿಸಿದರೆ ತಪ್ಪಾಗದು.

ಕೆಲವು ವರ್ಷಗಳ ಬಳಿಕ ಬಿರೂನಿ ಖ್ವಾರಿಝ್ಮ್‌ಗೆ ಮರಳಿ ಆಸ್ಥಾನದಲ್ಲಿ ಗೌರವ ಪಡೆದರು. ಅದೂ ನಿಲ್ಲಲಿಲ್ಲ. 1017ರಲ್ಲಿ ಸುಲ್ತಾನ್ ಮಹಮ್ಮದ್ ಖ್ವಾರಿಝ್ಮನ್ನು ಗೆದ್ದಾಗ ಬಿರೂನಿಯನ್ನೂ ಅವರ ಗುರು ಅಬೂ ನಸ್ರ್ ಮನ್ಸೂರರನ್ನೂ ಘಜ್ನಿಗೆ ಕರೆದೊಯ್ಯಲಾಯಿತು. ಹೆಚ್ಚುಕಡಿಮೆ ಸೆರೆಯಾಳಿನ ಸ್ಥಿತಿ. 1018ರ ಅಕ್ಟೋಬರ್‌ನಲ್ಲಿ ಅವರು ಕಾಬೂಲಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಮನಸ್ಸು ನೊಂದಿತ್ತು, ಕೈಯಲ್ಲಿ ಒಂದು ಉಪಕರಣವೂ ಇರಲಿಲ್ಲ. ಆಗ ಅವರು ಲೆಕ್ಕ ಮಾಡುವ ಹಲಗೆಯ ಹಿಂಬದಿಯಲ್ಲಿ ವೃತ್ತದ ಭಾಗವೊಂದನ್ನು ಗೀಚಿ, ಡಿಗ್ರಿಗಳನ್ನು ಗುರುತಿಸಿ, ಸೂರ್ಯನ ಎತ್ತರ ಅಳೆದು ಆ ಹಳ್ಳಿಯ ಅಕ್ಷಾಂಶವನ್ನು ತೆಗೆದರು. ಪ್ರಯೋಗಾಲಯ ಇಲ್ಲ, ಸಲಕರಣೆ ಇಲ್ಲ ಎಂದು ಪಾಠ ಮುಂದೂಡುವ ನಾವು ಶಿಕ್ಷಕರು ಈ ಹಲಗೆಯನ್ನು ಆಗಾಗ ನೆನೆಯಬೇಕು.

ಘಜ್ನಿಯಲ್ಲಿ ಅವರು ಕೈಗೊಂಡ ದೊಡ್ಡ ಕೆಲಸವೆಂದರೆ ಊರುಗಳ ಸ್ಥಾನ ನಿರ್ಣಯದ ಗ್ರಂಥ. 1025ರಲ್ಲಿ ಅದು ಮುಗಿಯಿತು. ಘಜ್ನಿಯಿಂದ ಕಿಬ್ಲಾದ ದಿಕ್ಕು ಯಾವುದು ಎಂಬ ಪ್ರಶ್ನೆ ಅದರ ಗುರಿ. ಮಕ್ಕಾ ಎಷ್ಟು ಪಶ್ಚಿಮಕ್ಕಿದೆ ಎಂದು ತಿಳಿಯದೆ ಕಿಬ್ಲಾ ಸಿಗದು, ರೇಖಾಂಶದ ಅಂತರ ತಪ್ಪಾದರೆ ಇಡೀ ಊರಿನ ಸಫ್‌ಗಳು ಬೇರೆ ಕಡೆ ಮುಖ ಮಾಡುತ್ತವೆ. ಎಲ್ಲ ಊರುಗಳಲ್ಲೂ ಗ್ರಹಣಕ್ಕೆ ಕಾಯುವವರು ಸಿಗುವುದಿಲ್ಲವಲ್ಲ. ಹಾಗಾಗಿ ಬಗ್ದಾದಿನಿಂದ ಘಜ್ನಿಯವರೆಗೆ ಊರಿನಿಂದ ಊರಿಗೆ ಕಾರವಾನ್ ದಾರಿಗಳ ದೂರವನ್ನೂ ಅಕ್ಷಾಂಶಗಳನ್ನೂ ಜೋಡಿಸಿ, ಸರಪಳಿಯಂತೆ ಅಂತರವನ್ನು ಕಟ್ಟುತ್ತಾ ಬಂದರು.

ಸುಲ್ತಾನನ ದಂಡಯಾತ್ರೆಗಳ ಜೊತೆಯಲ್ಲಿ ಅವರು ಪಂಜಾಬಿಗೆ ಬಂದರು. ಇಂದು ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ ಬೆಟ್ಟದ ಎತ್ತರವನ್ನೂ ಅದರ ತುದಿಯಿಂದ ದಿಗಂತ ತಗ್ಗಿ ಕಾಣುವ ಕೋನವನ್ನೂ ಅಳೆದು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದ್ದು ಎಲ್ಲರಿಗೂ ತಿಳಿದ ವಿಷಯ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನಡುವಯಸ್ಸು ದಾಟಿದ ಈ ವಿದ್ವಾಂಸರು ಸಂಸ್ಕೃತ ಕಲಿತದ್ದು. ಪಂಡಿತರ ಬಳಿ ಕುಳಿತು, ಗ್ರಂಥಗಳನ್ನು ಓದಿಸಿಕೊಂಡು, ಪತಂಜಲಿಯ ಯೋಗದ ಗ್ರಂಥವನ್ನು ಅರಬಿಗೆ ತಂದರು. 1030ರ ಸುಮಾರಿಗೆ ಮುಗಿದ ಕಿತಾಬುಲ್ ಹಿಂದ್‌ನಲ್ಲಿ ಭಾರತೀಯರ ಕಾಲಗಣನೆಗೆ ಹಲವು ಅಧ್ಯಾಯಗಳಿವೆ. ದಿನಕ್ಕೆ 60 ಘಳಿಗೆ ಎಂಬ ಲೆಕ್ಕ, ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯನ್ನೇ ಆದಿಯಾಗಿ ಹಿಡಿಯುವ ಪದ್ಧತಿ, ಎಲ್ಲವನ್ನೂ ವಿವರಿಸಿದ್ದಾರೆ. ಎರಡು ಊರುಗಳ ನಡುವಿನ ಹೊತ್ತಿನ ಅಂತರಕ್ಕೆ ಭಾರತೀಯರು ದೇಶಾಂತರ ಎಂದು ಕರೆಯುತ್ತಿದ್ದರು. ಆ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಒಪ್ಪುವಲ್ಲಿ ಒಪ್ಪಿ, ಲೆಕ್ಕ ತಪ್ಪಿದೆ ಎಂದು ಕಂಡಲ್ಲಿ ನೇರವಾಗಿ ಹೇಳಿದರು. ತಮ್ಮ ಒಡೆಯನ ದಂಡಯಾತ್ರೆಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತು, ವಿದ್ಯೆಗಳು ದೂರದ ಊರುಗಳಿಗೆ ಸರಿದುಹೋದವು ಎಂದು ಬರೆಯಲೂ ಅವರು ಹಿಂಜರಿಯಲಿಲ್ಲ.

ನೆರಳುಗಳ ಕುರಿತಾದ ಅವರ ಗ್ರಂಥವೊಂದಿದೆ. ನೆರಳಿನ ಉದ್ದದಿಂದ ನಮಾಝ್‌ನ ವೇಳೆ ಕಂಡುಕೊಳ್ಳುವ ಬಗೆ ಅದರಲ್ಲಿದೆ. ಅಸ್ರ್‌ನ ಹೊತ್ತು ತಿಳಿಸುವ ಒಂದು ಉಪಕರಣದ ಮೇಲೆ ರೂಮಿಗಳ, ಅಂದರೆ ಬೈಝಾಂಟೈನ್ ಕ್ರೈಸ್ತರ, ತಿಂಗಳ ಹೆಸರುಗಳನ್ನು ಕೆತ್ತಿದ್ದರಂತೆ. ಧರ್ಮನಿಷ್ಠನೊಬ್ಬ ಅದೇ ಕಾರಣಕ್ಕೆ ಅದನ್ನು ತಿರಸ್ಕರಿಸಿದ. ರೂಮಿಗಳು ಊಟವನ್ನೂ ಮಾಡುತ್ತಾರೆ, ಹಾಗಾದರೆ ಅದನ್ನೂ ಬಿಡಬೇಕಾದೀತು ಎಂದು ಬಿರೂನಿ ಚುಚ್ಚಿದರು. ವಿಷಯ ನಿಜಕ್ಕೂ ಸರಳ. ನೆರಳಿನ ಉದ್ದ ಸೂರ್ಯನ ಋತುವಿನಂತೆ ಬದಲಾಗುತ್ತದೆ. ಹಿಜರಿ ತಿಂಗಳುಗಳು ಚಂದ್ರನವು, ವರ್ಷಕ್ಕೆ ಸುಮಾರು 11 ದಿನದಂತೆ ಋತುಗಳ ನಡುವೆ ಸರಿಯುತ್ತಾ ಹೋಗುತ್ತವೆ. ಆದ್ದರಿಂದ ಉಪಕರಣದ ಮೇಲೆ ಸೌರಮಾನದ ತಿಂಗಳೇ ಬೇಕು.

ನಂತರದ ಕಾಲದ ಯಾಕೂತ್ ಎಂಬ ವಿದ್ವಾಂಸರು ದಾಖಲಿಸಿದ ಇನ್ನೊಂದು ಪ್ರಸಂಗ ಹೀಗಿದೆ. ದೂರದೇಶದಿಂದ ಬಂದ ರಾಯಭಾರಿಯೊಬ್ಬ ಸೂರ್ಯ ಮುಳುಗದೆ ಸುತ್ತುತ್ತಲೇ ಇರುವ ನಾಡನ್ನು ಕಂಡೆನೆಂದು ಹೇಳಿದಾಗ ಸುಲ್ತಾನ್ ಮಹಮ್ಮದ್ ಅದನ್ನು ಧರ್ಮವಿರೋಧಿ ಮಾತೆಂದು ಸಿಟ್ಟಾದ. ಧ್ರುವದ ಕಡೆ ಹಾಗಾಗುವುದು ಏಕೆ ಎಂದು ಬಿರೂನಿ ವಿವರಿಸಿ ಅವನಿಗೆ ತಿಳಿಯಹೇಳಿದರು.

ಓದುಗರೇ, ಈಗ ನಮ್ಮ ಊರಿನ ಹೊತ್ತಿಗೆ ಬರೋಣ. ರಿಯಾದ್‌ಗೂ ಮಂಗಳೂರಿಗೂ ಎರಡೂವರೆ ಗಂಟೆ ಅಂತರ ಎಂದೆವು. ಬಿರೂನಿ ಇದನ್ನು ಒಪ್ಪುತ್ತಿರಲಿಲ್ಲ! ಎರಡು ಊರುಗಳ ನಡುವೆ ಸುಮಾರು 28 ಡಿಗ್ರಿ ಮಾತ್ರ ಇದೆ, ಸೂರ್ಯನ ಲೆಕ್ಕದಲ್ಲಿ ಅದು ಒಂದು ಗಂಟೆ 53 ನಿಮಿಷ. ಉಳಿದದ್ದು ಸರ್ಕಾರಗಳ ಏರ್ಪಾಡು. 1906ರಲ್ಲಿ ಭಾರತಕ್ಕೆ ಒಂದೇ ಸಮಯ ಎಂದು ಗೊತ್ತುಮಾಡಿ, ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯನ್ನು ಅದಕ್ಕೆ ಆಧಾರವಾಗಿ ಹಿಡಿದರು. ಮಂಗಳೂರು ಆ ರೇಖೆಯಿಂದ ಏಳೂವರೆ ಡಿಗ್ರಿಗಿಂತ ಹೆಚ್ಚು ಪಶ್ಚಿಮಕ್ಕಿದೆ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12.30 ದಾಟಿರುತ್ತದೆ. ಝುಹರ್ 12 ಗಂಟೆಗೆ ಆರಂಭವಾಗದಿರುವುದು ಇದರಿಂದಲೇ.

ಒಂದೇ ರಾಜ್ಯದೊಳಗೂ ವ್ಯತ್ಯಾಸ ಸಣ್ಣದಲ್ಲ. ಕೋಲಾರ ಮತ್ತು ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದರೆ ಕೋಲಾರದಲ್ಲಿ ಸೂರ್ಯ ಸುಮಾರು 13 ನಿಮಿಷ ಮೊದಲು ಮುಳುಗುತ್ತಾನೆ. ಕೋಲಾರಕ್ಕೆ ಸಿದ್ಧಪಡಿಸಿದ ಇಫ್ತಾರ್ ವೇಳಾಪಟ್ಟಿಯನ್ನು ಯಾರೋ ಮೊಬೈಲ್‌ನಲ್ಲಿ ಕಳಿಸಿ, ಮಂಗಳೂರಿನವರು ಅದನ್ನು ನೋಡಿ ಖರ್ಜೂರ ಬಾಯಿಗಿಟ್ಟರೆ ಸೂರ್ಯ ಇನ್ನೂ ಕಡಲಿನ ಮೇಲೆಯೇ ಇರುತ್ತಾನೆ. ದಿನವಿಡೀ ಹಸಿದಿದ್ದವರ ಉಪವಾಸ ಹದಿಮೂರು ನಿಮಿಷದಲ್ಲಿ ಕೆಡುತ್ತದೆ. ಇಬ್ಬರ ಗಡಿಯಾರವೂ ಸರಿಯಾಗಿದ್ದು ಹೀಗಾಗುವುದೇ ಇದರಲ್ಲಿನ ಅಪಾಯ. ನಮಾಝ್‌ನ ವೇಳೆ ತಿಳಿಸುವ ಆ್ಯಪ್ ನಿಮ್ಮ ಮೊಬೈಲ್‌ನ ಸ್ಥಳವನ್ನು ಕೇಳುವುದೂ ಇದಕ್ಕಾಗಿಯೇ. ಅದು ಮೊದಲು ಅಕ್ಷಾಂಶ ರೇಖಾಂಶಗಳಿಂದ ನಿಮ್ಮ ಊರಿನ ಸೂರ್ಯನನ್ನು ಲೆಕ್ಕ ಹಾಕಿ, ಆಮೇಲೆ ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುತ್ತದೆ. ಊರು ಬದಲಿಸಿದಾಗ ಅದರಲ್ಲಿ ಹಳೆಯ ಊರಿನ ಹೆಸರೇ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಬಿರೂನಿಯವರ ಕೊನೆಯ ವರ್ಷಗಳು ಘಜ್ನಿಯಲ್ಲೇ ಕಳೆದವು. 1029ರಲ್ಲಿ ರೈಹಾನಾ ಎಂಬ ಮಹಿಳೆಗಾಗಿ ಗಣಿತ ಮತ್ತು ಖಗೋಳದ ಮೂಲಪಾಠಗಳನ್ನು ಪ್ರಶ್ನೋತ್ತರ ರೂಪದಲ್ಲಿ ಬರೆದರು. ಹೆಣ್ಣುಮಕ್ಕಳಿಗೆ ಗಣಿತ ಏಕೆ ಎನ್ನುವವರು ಇದನ್ನು ಗಮನಿಸಲಿ. ಮಹಮ್ಮದನ ಮಗ ಸುಲ್ತಾನ್ ಮಸ್ಊದನ ಹೆಸರಿನಲ್ಲಿ ಖಗೋಳದ ಮಹಾಗ್ರಂಥ ಅಲ್-ಕಾನೂನುಲ್ ಮಸ್ಊದಿಯನ್ನು ರಚಿಸಿದಾಗ ಸುಲ್ತಾನ ಆನೆ ಹೊರುವಷ್ಟು ಬೆಳ್ಳಿ ಕಳಿಸಿದನೆಂದೂ, ತಮಗೆ ಅಗತ್ಯವಿಲ್ಲವೆಂದು ಇವರು ಹಿಂದಿರುಗಿಸಿದರೆಂದೂ ಹೇಳುತ್ತಾರೆ. ಅವರು ಬರೆದ ಗ್ರಂಥಗಳು ನೂರಕ್ಕೂ ಹೆಚ್ಚು, ಉಳಿದು ಬಂದವು ಸ್ವಲ್ಪವೇ. ನಿಧನದ ವರ್ಷವನ್ನು ಸಾಮಾನ್ಯವಾಗಿ 1048 ಎಂದು ಕೊಡುತ್ತಾರೆ. ಇನ್ನೂ ಒಂದೆರಡು ವರ್ಷ ಬದುಕಿದ್ದರು ಎನ್ನುವ ವಿದ್ವಾಂಸರೂ ಇದ್ದಾರೆ. ಎಲ್ಲ ಜನಾಂಗಗಳ ದಿನಾಂಕಗಳನ್ನು ಸರಿಪಡಿಸಿದವರ ಸ್ವಂತ ದಿನಾಂಕವೊಂದು ಹೀಗೆ ಚರ್ಚೆಯಲ್ಲಿ ಉಳಿಯಿತು.

ಅವರ ಕೊನೆಯ ಗಳಿಗೆಯ ಬಗ್ಗೆ ಯಾಕೂತ್ ಅವರೇ ದಾಖಲಿಸಿದ ಪ್ರಸಂಗವಿದೆ. ಅಬುಲ್ ಹಸನ್ ಎಂಬ ಫಿಕ್ಹ್ ವಿದ್ವಾಂಸರು ನೋಡಲು ಬಂದಾಗ ಬಿರೂನಿಯವರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆ ಸ್ಥಿತಿಯಲ್ಲೂ ಅವರು ಹಿಂದೊಮ್ಮೆ ಇವರು ಹೇಳಿದ್ದ, ಅಜ್ಜಿಯರಿಗೆ ಸಲ್ಲುವ ಆಸ್ತಿಯ ಪಾಲಿನ ಒಂದು ಮಸ್‌ಅಲಾವನ್ನು ನೆನಪಿಸಿ, ಮತ್ತೊಮ್ಮೆ ವಿವರಿಸಲು ಕೇಳಿಕೊಂಡರು. ಈ ಹೊತ್ತಿನಲ್ಲೇ ಎಂದು ಬಂದವರು ಮರುಕಪಟ್ಟರು. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಎಂಬುದು ಬಿರೂನಿಯವರ ಉತ್ತರವಾಗಿತ್ತು. ಅಬುಲ್ ಹಸನ್ ವಿವರಿಸಿದರು, ಬಿರೂನಿ ಕೇಳಿ ಮನದಟ್ಟು ಮಾಡಿಕೊಂಡರು. ಬೀಳ್ಕೊಂಡು ಹೊರಬಂದ ಅಬುಲ್ ಹಸನ್ ಇನ್ನೂ ದಾರಿಯಲ್ಲಿರುವಾಗಲೇ ಆ ಮನೆಯಿಂದ ಅಳುವ ಸದ್ದು ಕೇಳಿಸಿತು.